ಹೊಗೆಯುಂಡ ಇಟ್ಟಿಗೆ

ನಮ್ಮೂರಿನಲ್ಲಿ ಹೊಗೆ ಸಂಜೆಗೆ ಮನೆಗೆ ಬರುತ್ತದೆ. ಬರುತ್ತಿತ್ತು ಅನ್ನಬೇಕು, ಆದರೆ ನನ್ನ ನಾಲಿಗೆಗೆ ಇನ್ನೂ ರೂಢಿಯಾಗಿಲ್ಲ. ಕಾರ್ಖಾನೆಯ ಕುಲುಮೆಯಿಂದ ಬೆಳಗಿನ ಜಾವದಿಂದ ಎದ್ದ ಹೊಗೆಯೆಲ್ಲ ಗುಡ್ಡದ ನೆತ್ತಿಯ ಮೇಲೆ ಸುಮ್ಮನೆ ಕೂತಿರುತ್ತಿತ್ತು. ಹೊತ್ತು ಇಳಿಯುತ್ತಿದ್ದ ಹಾಗೆ, ಮೇಯಲು ಹೋದ ದನಗಳು ತಿರುಗುವಂತೆ, ಇಳಿಜಾರಿನಲ್ಲಿ ಇಳಿದು ಬೀದಿ ಬೀದಿಗೆ ಒಡೆದು, ಯಾರ್ಯಾರು ಕುಲುಮೆಯ ಅನ್ನ ತಿನ್ನುತ್ತಾರೋ ಅವರವರ ಮನೆ ಸೇರುತ್ತಿತ್ತು. ಒಂದು ದಿನವೂ ದಾರಿ ತಪ್ಪಿದ್ದಿಲ್ಲ. ನನ್ನ ಪಾಲಿನದು ನನ್ನ ಮನೆಗೆ, ಪಕ್ಕದ ಓಬಳಯ್ಯನದು ಓಬಳಯ್ಯನ ಮನೆಗೆ. ಮ್ಯಾನೇಜರರ ಬಂಗಲೆಗೆ ಹೋಗುವುದು ಮಾತ್ರ ಬೀದಿಯಗಲ ಇರುತ್ತಿತ್ತು. ಅದನ್ನು ನೋಡಿ ನಾವೆಲ್ಲ ಒಳಗೊಳಗೇ ಖುಷಿಪಡುತ್ತಿದ್ದೆವು.

ಬಂದ ಹೊಗೆಗೆ ಕೋಣೆ ಬೇಕು. ಗೋಡೆಯ ಕಿಂಡಿ ತೆರೆದರೆ ತಾನಾಗಿ ಒಳಗೆ ಹೋಗಿ ಮಲಗುತ್ತದೆ, ಮುಚ್ಚಿದರೆ ಆಯಿತು. ಆಮೇಲೆ ಅದು ಹೋಗುವ ಮಾತಿಲ್ಲ, ಕರಗುವ ಮಾತಿಲ್ಲ. ಒಂದು ಕೋಣೆ ತುಂಬಿದರೆ ಇನ್ನೊಂದು ಕಟ್ಟಬೇಕು. ನಮ್ಮ ಮುತ್ತಜ್ಜ ಒಂದು ಕಟ್ಟಿದ, ಅಜ್ಜ ಒಂದು, ಅಪ್ಪ ಎರಡು, ನಾನು ಎರಡು. ಏಳು ಕೋಣೆಯ ಮನೆಯಲ್ಲಿ ಆರು ಹೊಗೆಗೆ, ಒಂದು ನಮಗೆ. ಅಣ್ಣತಮ್ಮಂದಿರು ಬೇರೆಯಾದರೆ ಮೊದಲು ಹೊಗೆ ಹಂಚಿಕೊಳ್ಳುತ್ತಿದ್ದರು, ಪಾತ್ರೆ ಪಡಗ ಆಮೇಲೆ. ಹೆಣ್ಣು ಕೊಡುವವರು ಬಂದರೆ ಹುಡುಗನ ಮುಖ ನೋಡುವ ಮೊದಲು ಅವನ ಮನೆಯ ಗೋಡೆಗೆ ಕಿವಿಯಿಟ್ಟು ಎಷ್ಟು ತುಂಬಿದೆ ಎಂದು ಕೇಳಿಸಿಕೊಳ್ಳುತ್ತಿದ್ದರು.

ಕೇಳಿಸಿಕೊಳ್ಳುತ್ತಿದ್ದರು ಅಂದೆನಲ್ಲ, ಅದೂ ಒಂದು. ಹೊಗೆ ತಾನು ಹುಟ್ಟಿದ ದಿನವನ್ನು ಹೊತ್ತುಕೊಂಡೇ ಬರುತ್ತದೆ. ಅಪ್ಪ ಕಟ್ಟಿದ ಕೋಣೆಯ ಗೋಡೆಗೆ ಕಿವಿಯಾನಿಸಿದರೆ ಅಪ್ಪನ ಕಾಲದ ಬೀದಿಯ ಸದ್ದು ದೂರದಿಂದ ಕೇಳುತ್ತಿತ್ತು. ಯಾರೋ ಕೊಡ ಇಟ್ಟದ್ದು, ಯಾರೋ ಯಾರನ್ನೋ ಕರೆದದ್ದು, ಬೇಸಿಗೆಯ ಮೊದಲ ಹನಿ ಬಿದ್ದ ಮಣ್ಣಿನ ವಾಸನೆ. ಊಟವಾದ ಮೇಲೆ ಮಧ್ಯಾಹ್ನ ಗೋಡೆಗೊರಗಿ ಕೂರುವುದು ನಮ್ಮೂರಿನವರ ಚಾಳಿ. ಪರವೂರಿನವರು ನಮ್ಮನ್ನು ಸೋಮಾರಿಗಳೆಂದು ಆಡಿಕೊಳ್ಳುತ್ತಿದ್ದರು, ಅದರಲ್ಲಿ ಸುಳ್ಳೂ ಇರಲಿಲ್ಲ.

ನಾನು ಗಾರೆ ಕೆಲಸದ ಜುಂಜಣ್ಣ. ಕುಲುಮೆಯ ಹೊಟ್ಟೆಯೊಳಗಿನ ಗೋಡೆ ಬೆಂಕಿಗೆ ಸವೆದು ಸವೆದು ಇಪ್ಪತ್ತು ವರ್ಷಕ್ಕೊಮ್ಮೆ ಹಾಳಾಗುತ್ತದೆ. ಆಗ ಕುಲುಮೆಯನ್ನು ಆರಿಸಿ, ತಣಿಸಿ, ಒಳಗಿಳಿದು ಹೊಸ ಗೋಡೆ ಕಟ್ಟುವುದು ನಮ್ಮ ಮನೆತನದ ಕೆಲಸ. ಕಳೆದ ಸಲ ಅಪ್ಪ ಕಟ್ಟಿದಾಗ ನಾನು ಕೆಳಗೆ ನಿಂತು ಗಾರೆ ಕಲಸಿ ಕೊಟ್ಟಿದ್ದೆ. ಈ ಸಲ ಕರಣೆ ಹಿಡಿಯುವವನು ನಾನು. ಅದಕ್ಕಾಗಿ ಇಪ್ಪತ್ತು ವರ್ಷ ಕಾದಿದ್ದೆ. ಮಧ್ಯದಲ್ಲಿ ಊರವರ ಹೊಗೆಕೋಣೆ ಕಟ್ಟುತ್ತ ಹೊಟ್ಟೆ ಹೊರೆದೆ, ಆದರೆ ಮನಸ್ಸೆಲ್ಲ ಆ ಕುಲುಮೆಯ ಹೊಟ್ಟೆಯಲ್ಲೇ ಇತ್ತು.

ಆ ವರ್ಷ ಎಂಜಿನಿಯರಮ್ಮ ಬಂದರು. ಹೆಸರು ಮಂದಾಕಿನಿ, ತೆಳ್ಳಗಿನ ಹೆಂಗಸು, ಸೀರೆಯ ಸೆರಗಿಗೆ ಯಾವ ವಾಸನೆಯೂ ಇರಲಿಲ್ಲ. ನಮಗೆ ಅದೇ ದೊಡ್ಡ ಸೋಜಿಗ. ಕಾರ್ಖಾನೆಯ ತೂಕದ ಮನೆಯ ಮುಂದೆ ಊರನ್ನೆಲ್ಲ ಕೂರಿಸಿಕೊಂಡು ಸುತ್ತುಬಳಸು ಇಲ್ಲದೆ ಮಾತಾಡಿದರು. “ಹಳೇ ಕುಲುಮೆಗೆ ಮತ್ತೆ ಒಳಗೋಡೆ ಕಟ್ಟಿದರೆ ಇನ್ನು ಇಪ್ಪತ್ತು ವರ್ಷ ಉರಿಯುತ್ತೆ. ಒಮ್ಮೆ ಕಟ್ಟಿದ ಮೇಲೆ ನಡುವೆ ನಿಲ್ಲಿಸೋಕೆ ಯಾರೂ ಒಪ್ಪಲ್ಲ. ಇಪ್ಪತ್ತು ವರ್ಷದ ಹೊಗೆ ಎಲ್ಲಿಡ್ತೀರಿ?”

ಒಂದು ಕಡೆ ಹೊಳೆ, ಒಂದು ಕಡೆ ಗುಡ್ಡ, ನಡುವೆ ಇದ್ದ ಜಾಗವೆಲ್ಲ ಕೋಣೆಗಳಿಂದ ತುಂಬಿಹೋಗಿತ್ತು. ಹಿಂದಿನ ವರ್ಷ ಸ್ಮಶಾನದ ಬೇಲಿಯನ್ನು ಎರಡು ಮಾರು ಹಿಂದಕ್ಕೆ ಸರಿಸಿ ಆರು ಕೋಣೆ ಎಬ್ಬಿಸಿದ್ದೆವು. ಸತ್ತವರು ತಕರಾರು ಮಾಡಲಿಲ್ಲ.

ಗಾಳಿಯಿಂದ ಕರೆಂಟು, ಕರೆಂಟಿನಿಂದ ಬಿಸಿ, ಆ ಬಿಸಿಯಿಂದ ಕಬ್ಬಿಣ, ಹೊಗೆಯೇ ಇಲ್ಲ, ಒಳಗೋಡೆ ಸವೆಯುವುದೂ ಇಲ್ಲ ಎಂದು ಅವರು ಹೊಸ ಕುಲುಮೆಯ ವಿಷಯ ಹೇಳಿದರು. ಓಬಳಯ್ಯ ಎದ್ದು ನಿಂತ. ಅವನು ಕುಲುಮೆಗೆ ಅದಿರು ಸುರಿಯುವ ಗುಂಪಿನ ಮೇಸ್ತ್ರಿ, ಮಾತಿಗೆ ಮುಂದು. “ಅಮ್ಮಾ, ಎಲ್ಲಾ ಸರಿ. ಇದಕ್ಕೆ ಬಂಡವಾಳ ಯಾರ ಮನೇದು?”

“ಗಾಳಿಕಂಬ ಸರ್ಕಾರದ್ದು. ಯಂತ್ರ ಕಾರ್ಖಾನೆದು. ಒಳಗೋಡೆಗೆ ಬೇಕಾದ ಇಟ್ಟಿಗೆ ಮಾತ್ರ ದುಡ್ಡಿಗೆ ಸಿಗಲ್ಲ ಓಬಳಯ್ಯನವರೇ. ಅದಿರೋದು ನಿಮ್ಮ ಮನೇಲಿ.”

ಹೊಗೆಕೋಣೆಯ ಗೋಡೆ ಎರಡು ಪದರ. ಹೊರಪದರ ಬರೀ ಆಸರೆಗೆ. ಒಳಪದರದ ಇಟ್ಟಿಗೆ ವರ್ಷಗಟ್ಟಲೆ ಹೊಗೆ ಉಂಡು ಉಂಡು ಕಪ್ಪಾಗಿ ಕಲ್ಲಾಗಿರುತ್ತದೆ. ಹೊಸ ಕುಲುಮೆಯ ಬಿಸಿಯನ್ನು ತಡೆಯುವುದು ಅದೊಂದೇ. ಇಂದು ಸುಟ್ಟ ಇಟ್ಟಿಗೆ ಅಷ್ಟು ಗಟ್ಟಿಯಾಗಬೇಕಾದರೆ ಮೂವತ್ತು ವರ್ಷ ಹೊಗೆ ತಿನ್ನಬೇಕು. ಪ್ರತಿ ಮನೆಯವರೂ ಒಳಪದರ ಬಿಚ್ಚಿ ಕೊಡಬೇಕು, ಅದೇ ಬಂಡವಾಳ.

“ಒಳಪದರ ಬಿಚ್ಚಿದರೆ ಗೋಡೆ ನಿಲ್ಲಲ್ಲ. ಒಳಗಿರೋ ಹೊಗೆ?” ಎಂದು ನಾನೇ ಕೇಳಿದೆ.

“ಹೊರಗೆ ಬರುತ್ತೆ. ನಿಮ್ಮ ಜೊತೆಗೇ ಇರುತ್ತೆ. ಹಳೇ ಹೊಗೆ ಸಾಧು, ಎದೆಗಿಳಿಯಲ್ಲ, ಬರೀ ಕಣ್ಣಿಗೆ ಅಡ್ಡ. ಆದರೆ ಹೊಸ ಕುಲುಮೆ ಹೊತ್ತೋವರೆಗೂ ಹಳೇದು ಉರೀಬೇಕಲ್ಲ, ಆ ಹಸಿ ಹೊಗೆ ದಿನಾ ಬರುತ್ತೆ, ಅದಕ್ಕೆ ಒರಗೋಕೆ ಗೋಡೆ ಇರಲ್ಲ. ಅದು ಒರಟು. ಎಂಟು ತಿಂಗಳು ತಡ್ಕೋಬೇಕು.” ಆಕೆ ನಮಗೆ ಒಂದು ಸುಳ್ಳೂ ಹೇಳಲಿಲ್ಲ, ಅದನ್ನು ಇವತ್ತಿಗೂ ನೆನೆಯುತ್ತೇನೆ. ಆಮೇಲೆ ನನ್ನ ಕಡೆ ತಿರುಗಿದರು. “ಕುಲುಮೆಯ ತಳಕ್ಕೆ ಎಲ್ಲಕ್ಕಿಂತ ಹಳೇ ಇಟ್ಟಿಗೆ ಬೇಕು. ಕಾದ ಕಬ್ಬಿಣ ನಿಲ್ಲೋದೇ ಅಲ್ಲಿ. ನಿಮ್ಮ ಮುತ್ತಜ್ಜ ಕಟ್ಟಿದ ಕೋಣೆ ಇದೆಯಂತಲ್ಲ.”

ಊರೆಲ್ಲ ನನ್ನನ್ನೇ ನೋಡುತ್ತಿತ್ತು. ಇಪ್ಪತ್ತು ವರ್ಷ ಕಾದವನಿಗೆ ಇಪ್ಪತ್ತು ವರ್ಷಕ್ಕೊಮ್ಮೆ ಸವೆಯದ ಕುಲುಮೆ ಕಟ್ಟುವ ಆಸೆ ತೋರಿಸಿದರೆ ಏನಾಗಬೇಕು? ಯೋಚಿಸುವ ಮೊದಲೇ ನನ್ನ ಕೈ ಮೇಲಿತ್ತು. ನಾನು ಒಪ್ಪಿದ್ದು ನೋಡಿ ಬೇರೆಯವರೂ ಒಬ್ಬೊಬ್ಬರಾಗಿ ಒಪ್ಪಿದರು.

ಬೀದಿಯಿಂದ ಬೀದಿಗೆ ಗೋಡೆ ಬಿಚ್ಚುತ್ತ ಹೋದೆವು. ಬಿಚ್ಚಿದ ಮನೆಯಲ್ಲಿ ಹೊಗೆ ಮೆಲ್ಲಗೆ ಹೊರಬಂದು, ಹೊಸಿಲವರೆಗೆ ಹೋಗಿ, ಅಲ್ಲಿಂದಾಚೆ ತನಗೆ ಕೆಲಸವಿಲ್ಲವೆಂಬಂತೆ ಹಿಂದಿರುಗಿ ಸೊಂಟದೆತ್ತರಕ್ಕೆ ನಿಲ್ಲುತ್ತಿತ್ತು. ಜನ ಹೊಂದಿಕೊಂಡರು. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿಕೊಂಡರು. ತೆವಳುವ ಮಕ್ಕಳ ಸೊಂಟಕ್ಕೆ ಗೆಜ್ಜೆ ಕಟ್ಟಿದರು, ಇಲ್ಲದಿದ್ದರೆ ಎಲ್ಲಿವೆಯೆಂದು ತಿಳಿಯುತ್ತಿರಲಿಲ್ಲ. ಎಲ್ಲರ ದನಿಯೂ ತಗ್ಗಿತು. ಮುದುಕರು ನಡುಮನೆಯಲ್ಲಿ ನಿಂತು, ಯಾವತ್ತೋ ಮುಗಿದ ಮಧ್ಯಾಹ್ನಗಳೊಳಗೆ ಕಾಲಾಡಿಸುತ್ತಿದ್ದರು. ಒಂದು ಮನೆಯಲ್ಲಿ ಸೊಸೆ ಅತ್ತೆಯ ಮದುವೆ ದಿನದ ಬೂಂದಿ ವಾಸನೆಗೆ ಬಾಯಲ್ಲಿ ನೀರೂರಿಸಿಕೊಂಡು ಅಡುಗೆ ಮಾಡುವುದನ್ನೇ ಮರೆತಳು. ಸಂಜೆಯಾದರೆ ಮಾತ್ರ ಹಸಿ ಹೊಗೆ ಬಂದು, ಮಲಗಲು ಕೋಣೆ ಕಾಣದೆ, ಮನೆಯೆಲ್ಲ ಅಲೆದು ಜನರ ಎದೆಗೆ ಹೊಗುತ್ತಿತ್ತು. ಊರಿಗೆ ಊರೇ ಕೆಮ್ಮುತ್ತಿತ್ತು.

ನನ್ನ ಮನೆಯ ಸರದಿ ಕೊನೆಗೆ. ಕುಲುಮೆಯ ತಳ ಕೂರಿಸುವ ವಾರದಲ್ಲಿ ಬಿಚ್ಚಿದರೆ ಸಾಕು ಎಂದು ಎಂಜಿನಿಯರಮ್ಮನೇ ಹೇಳಿದ್ದರು. ಅದೇ ವಾರ ನನ್ನ ಮಗಳು ಹೇಮಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕೊಟ್ಟ ಮನೆ ದೂರವೇನಲ್ಲ, ಮೂರು ಬೀದಿ ಆಚೆ. ಬಂದವಳು ನಮ್ಮ ನಡುಮನೆಯಲ್ಲಿ ನಿಂತು ಎರಡು ಕೈಯನ್ನೂ ಮುಖದ ಮುಂದೆ ಹಿಡಿದು ನೋಡಿಕೊಂಡಳು. “ಅಪ್ಪಾ, ನನ್ನ ಬೆರಳು ಕಾಣ್ತಾವೆ,” ಎಂದು ನಕ್ಕಳು. ನಗುತ್ತಲೇ ಕೆಮ್ಮು ಬಂತು, ಹೊಟ್ಟೆ ಹಿಡಿದುಕೊಂಡು ಕೆಳಗೆ ಕೂತಳು.

ನನಗಿರುವುದು ಅವಳೊಬ್ಬಳು. ಮೂರು ಕೂಸು ಹೋಗಿ ಉಳಿದದ್ದು. ಅವಳ ಮಗು ಕಣ್ಣು ಬಿಡುವ ಹೊತ್ತಿಗೆ ಗೋಡೆ ಕಾಣಲಿ, ದೀಪ ಕಾಣಲಿ, ಅಜ್ಜಿಯ ಮುಖ ಕಾಣಲಿ ಎಂದು ಆಸೆಪಡುವುದು ತಪ್ಪೇ? ತಪ್ಪಲ್ಲ. ಆಮೇಲೆ ನಾನು ಮಾಡಿದ್ದು ತಪ್ಪು.

ಗಾರೆಯವನಿಗೆ ಮಾತ್ರ ತಿಳಿದ ಉಪಾಯ ಅದು. ಆರು ಕೋಣೆಯಲ್ಲೂ ಒಳಪದರವನ್ನು ಹಾಗೇ ನಿಲ್ಲಿಸಿ ಹೊರಪದರವನ್ನು ಬಿಚ್ಚಿದೆ. ಕೈ ಹಗುರವಿದ್ದವನಿಗೆ ಒಂದೆಳೆ ಗೋಡೆಯನ್ನೂ ಬೀಳದಂತೆ ನಿಲ್ಲಿಸಲು ಬರುತ್ತದೆ, ನನಗೆ ಬರುತ್ತದೆ. ಹೊಗೆ ಒಂದು ಎಳೆಯೂ ಹೊರಗೆ ಬರಲಿಲ್ಲ. ತಳಕ್ಕೆಂದು ತೆಗೆದ ಹೊರಪದರದ ಇಟ್ಟಿಗೆಯೂ ಎಂಬತ್ತು ವರ್ಷದ್ದೇ, ಮುತ್ತಜ್ಜನ ಕೈಯದ್ದೇ, ತೂಕವೂ ಅಷ್ಟೇ. ಹೊಗೆ ಉಂಡಿರಲಿಲ್ಲ, ಅಷ್ಟೆ. ನನ್ನ ಹೆಂಡತಿ ಗಿರಿಯಮ್ಮ ಹುಟ್ಟುವ ಕೂಸಿಗೆಂದು ಹರಳೆಣ್ಣೆ ದೀಪದ ಮೇಲೆ ತಟ್ಟೆ ಮುಚ್ಚಿ ಕಾಡಿಗೆ ಹಿಡಿಯುತ್ತಿದ್ದಳು. ಆ ಕಾಡಿಗೆಯನ್ನೇ ಇಟ್ಟಿಗೆಗೆ ಬಳಿದೆ. ಗಿರಿಯಮ್ಮ ನೋಡಿದಳು. ಮಾರನೆಯ ದಿನ ಐದು ದೀಪ ಹಚ್ಚಿ ಐದು ತಟ್ಟೆ ಮುಚ್ಚಿಟ್ಟಳು.

ಸಂಜೆಯ ಹಸಿ ಹೊಗೆಗೂ ನನ್ನ ಕೋಣೆಯಲ್ಲಿ ಇನ್ನೊಂದಿಷ್ಟು ಜಾಗವಿತ್ತು. ನೆರೆಯವರಿಗೆ ಕಾಣದಂತೆ ಬಾಗಿಲು ಹಾಕಿಕೊಂಡು ಕಿಂಡಿ ತೆರೆಯುತ್ತಿದ್ದೆವು. ಬಸುರಿ ಬಾಣಂತಿ ಇರುವ ಮನೆ, ಗಾಳಿ ಸೋಕಬಾರದು ಅಂದರೆ ಯಾರೂ ಒಳಗೆ ಬರುತ್ತಿರಲಿಲ್ಲ.

ಇಷ್ಟು ಮಾಡಿ ಸುಮ್ಮನಿದ್ದೆನೇ? ಇಲ್ಲ. ಆ ವಾರವೇ ಓಬಳಯ್ಯನ ಕೊನೆಯ ಗಾಡಿ ಬಂತು. ಕುಲುಮೆಯ ಪಕ್ಕದ ಗೋಡೆಗೆಂದು ತಂದ ಇಟ್ಟಿಗೆಯಲ್ಲಿ ಅರ್ಧ, ಆಗಲೇ ಕೆಡವಿದ ಗೋಡೆಗಳ ಹೊರಪದರದವು. ಅವನ ತಾಯಿ ಹಾಸಿಗೆ ಹಿಡಿದಿದ್ದಳು, ಅವಳು ಮಲಗಿದ್ದ ಮಗ್ಗುಲಿನ ಗೋಡೆಯನ್ನು ಉಳಿಸಿಕೊಳ್ಳಲು ಹೀಗೆ ಮಾಡಿದ್ದ. ನಾನು ಇಟ್ಟಿಗೆಯೊಂದನ್ನು ಎತ್ತಿ ನೂರು ಜನರ ಮುಂದೆ ಅವನ ಕಾಲ ಬಳಿಗೆ ಎಸೆದೆ. “ಯಾರ ಕಣ್ಣಿಗೆ ಮಣ್ಣೆರಚ್ತೀಯಲಾ? ಊರಲ್ಲಿ ನಿನಗೊಬ್ಬನಿಗೇ ಏನು ಮನೆ ಮಂದಿ ಇರೋದು?”

ಓಬಳಯ್ಯ ಮುಖ ತಗ್ಗಿಸಿ ಗಾಡಿ ತಿರುಗಿಸಿದ. ಮಧ್ಯಾಹ್ನದೊಳಗೆ ತಾಯಿಯನ್ನು ಮಂಚದ ಸಮೇತ ಜಗಲಿಗೆ ಹೊತ್ತು ತಂದು ಆ ಗೋಡೆಯನ್ನೂ ಕೆಡವಿದ್ದ. ನಾನು ಜೋರು ಮಾಡಿದಷ್ಟೂ ನನ್ನ ಇಟ್ಟಿಗೆ ಕಪ್ಪಾಗುತ್ತದೆ ಎಂಬ ಭ್ರಮೆ ನನಗೆ. ಆ ಸಂಜೆ ಊಟ ಸೇರಲಿಲ್ಲ, ನಿಜ. ಆದರೂ ಮಾರನೆಯ ಬೆಳಿಗ್ಗೆ ಕುಲುಮೆಯೊಳಗಿಳಿದು ನನ್ನ ಇಟ್ಟಿಗೆಗಳನ್ನು ತಳಕ್ಕೆ ಕೂರಿಸಿದೆ, ಮಟ್ಟ ಹಿಡಿದು, ಸಂದಿಗೆ ಕೂದಲೂ ಹೋಗದಂತೆ. ನೋಡಿದವರು ಅಪ್ಪನ ಕೈ ಅಂದರು.

ಹೇಮಿಗೆ ಹೆಣ್ಣು ಮಗು ಹುಟ್ಟಿತು. ಹಗಲು, ಬಿಸಿಲು ಗವಾಕ್ಷಿಯಿಂದ ಬಿದ್ದು ಮಗುವಿನ ಹಣೆಯ ಮೇಲೆ ನಿಂತಿತ್ತು. ಚುಕ್ಕಿ ಎಂದು ಕರೆದೆವು. ನಾನು ನನ್ನ ಅಪರಾಧವನ್ನೆಲ್ಲ ಆ ಹಣೆಯ ಬಿಸಿಲಿನಲ್ಲಿ ತೊಳೆದುಕೊಂಡೆ ಅಂದುಕೊಂಡೆ.

ಒಂಬತ್ತನೆಯ ದಿನ ಹೊಸ ಕುಲುಮೆ ಹೊತ್ತಿಸಿದರು. ಊರೆಲ್ಲ ಸೇರಿತ್ತು. ಎಂಜಿನಿಯರಮ್ಮ ಹಿಡಿಕೆ ತಿರುಗಿಸಿದರು. ಉರಿಯಿಲ್ಲ, ಸದ್ದಿಲ್ಲ, ಜೇನುಹುಟ್ಟಿನೊಳಗಿಂದ ಬಂದಂಥ ಒಂದು ಗುಂಯ್ ಮಾತ್ರ. ಗೋಡೆ ಕೆಂಪಾಯಿತು, ಹಳದಿಯಾಯಿತು, ಬೆಳ್ಳಗಾಯಿತು. ಒಳಗೆ ಅದಿರು ಕರಗಿ ನೀರಾಯಿತು. ಜನ ತಲೆಯೆತ್ತಿ ನೋಡಿದರು, ಚಿಮಣಿಯೇ ಇಲ್ಲದ ಮಾಡಿನ ಮೇಲೆ ಬರೀ ಆಕಾಶ. ಓಬಳಯ್ಯನಂಥ ಓಬಳಯ್ಯ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಕೆಳಗಿನಿಂದ ಟಣ್ ಎಂದಿತು. ಮಡಕೆ ಒಡೆದಷ್ಟೇ ಸದ್ದು. ತಳ ಬಿರಿದು ಕಬ್ಬಿಣವೆಲ್ಲ ನೆಲಕ್ಕೆ ಸೋರಿ, ಹರಿದಲ್ಲೇ ಹೆಪ್ಪುಗಟ್ಟಿ ಕಪ್ಪಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ.

ಎಲ್ಲರಿಗೂ ಗೊತ್ತಿತ್ತು, ತಳ ಜುಂಜಣ್ಣನ ಮನೆಯದು. ಆದರೆ ಯಾರಿಗೂ ಅನುಮಾನ ಬರಲಿಲ್ಲ, ನನ್ನನ್ನು ಕೊಂದದ್ದು ಅದೇ. ಸುತ್ತ ನಿಂತು ಸಮಾಧಾನ ಹೇಳಿದರು. ಓಬಳಯ್ಯ ಹೆಗಲ ಮೇಲೆ ಕೈಯಿಟ್ಟ. “ಹೋಗ್ಲಿ ಬಿಡಯ್ಯ ಜುಂಜಣ್ಣ. ಎಂಬತ್ತು ವರ್ಷ ಅಂದ್ರೆ ಇಟ್ಟಿಗೆಗೂ ವಯಸ್ಸಾಗ್ತೈತೆ. ನೀನೇನು ಮಾಡೀಯ?”

ಎರಡು ದಿನ ಬಿಟ್ಟು, ತಣಿದ ಮೇಲೆ ಎಂಜಿನಿಯರಮ್ಮ ತಳದ ಅಂಚಿನಲ್ಲಿ ಬಿಸಿ ಕಡಿಮೆ ತಾಗಿದ ಒಂದು ಚೂರು ಕಿತ್ತರು. ಹೆಬ್ಬೆರಳಿನಿಂದ ಉಜ್ಜಿದರು. ಕಪ್ಪು ಬೆರಳಿಗೆ ಬಂತು, ಕೆಳಗೆ ಹಸಿ ಕೆಂಪು. ಮೂಗಿಗೆ ಹಿಡಿದರು, ಹರಳೆಣ್ಣೆ. ನನ್ನನ್ನು ಒಂದು ಸಲ ನೋಡಿ ಆ ಚೂರನ್ನು ನನ್ನ ಅಂಗೈಯಲ್ಲಿಟ್ಟು, “ಮನೆಗೆ ಹೋಗಿ ಜುಂಜಣ್ಣ,” ಎಂದರು. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ.

ಮನೆಗೆ ಹೋದೆ. ಹೇಮಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನನ್ನ ಕೈಯಲ್ಲಿದ್ದ ಚೂರನ್ನು ನೋಡಿದಳು. ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ನಂಗೆ ಬಂದ ವಾರಾನೇ ಗೊತ್ತಾಯ್ತಪ್ಪ,” ಅಂದಳು. “ಗೋಡೆಗೆ ಒರಗಿದ್ರೆ ಸದ್ದು ತೀರಾ ಹತ್ರ ಕೇಳ್ತಿತ್ತು. ಒಂದೆಳೆ ಗೋಡೆ ಅಂತ ಗಾರೆಯವನ ಮಗಳಿಗೆ ತಿಳಿಯಲ್ವಾ?”

“ಮತ್ತೆ ಯಾಕವ್ವ ಸುಮ್ನಿದ್ದೆ?”

“ನಂಗೂ ಬೇಕಾಗಿತ್ತು.” ಅವಳು ಮಗುವಿನ ಪಾದಕ್ಕೆ ಎಣ್ಣೆ ಸವರಿದಳು. “ನನ್ನ ನಾದಿನಿಗೂ ಹೋದ ತಿಂಗಳು ಅಲ್ಲಿ ಹೆರಿಗೆ ಆಯ್ತು. ಕೂಸು ಹೆಣ್ಣೋ ಗಂಡೋ ನೋಡಾಕೆ ದೀಪ ಹಿಡಿದ್ರಂತಪ್ಪ, ಮಟಮಟ ಮಧ್ಯಾಹ್ನದಲ್ಲಿ. ಆ ಕೂಸಿನ ಗೋಡೆ ಕುಲುಮೇಲೈತೆ. ನನ್ನ ಕೂಸಿನ ಗೋಡೆ ಇಲ್ಲೇ ನಿಂತೈತೆ. ದಿನಾ ನೋಡ್ತಿದ್ದೆ. ನೋಡಿ ನೋಡಿ ಸುಮ್ನಾಗ್ತಿದ್ದೆ.”

ಗಿರಿಯಮ್ಮ ಒಲೆಯ ಮುಂದಿನಿಂದ ಏಳಲೂ ಇಲ್ಲ, ತಿರುಗಲೂ ಇಲ್ಲ. ನಾನು ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡೆ. ಹೇಮಿ ತಡೆದಳು. “ಮೊದ್ಲು ಹೋಗಿ ಹೇಳಿ ಬಾ. ಆಮೇಲೆ ಒಡಿ. ಹೇಳ್ದೆ ಒಡೆದ್ರೆ ಅದೂ ಕಳ್ಳತನಾನೇ.”

ಪಕ್ಕದ ಮನೆಗೆ ಹೋಗಲು ಹತ್ತು ಹೆಜ್ಜೆ. ಅವತ್ತಿನಷ್ಟು ದೂರ ನಾನು ಯಾವತ್ತೂ ನಡೆದಿಲ್ಲ. ಓಬಳಯ್ಯನ ಮನೆಯಲ್ಲಿ ಹೊಗೆ ಸೊಂಟಕ್ಕಿತ್ತು. ಅವನ ತಾಯಿಯನ್ನು ಮತ್ತೆ ಒಳಗೆ ತಂದು ಎತ್ತರಿಸಿದ ಮಂಚದ ಮೇಲೆ ಮಲಗಿಸಿದ್ದರು. ಚೂರನ್ನು ಅವನ ಕೈಗೆ ಕೊಟ್ಟು ಎಲ್ಲ ಹೇಳಿದೆ. ಹೊರಪದರ, ಕಾಡಿಗೆ, ಕಿಂಡಿ, ಅವನ ಗಾಡಿ ತಿರುಗಿಸಿದ್ದು. ಅವನು ಕೇಳುತ್ತ ನಿಂತಿದ್ದ. ಹೊಗೆಯ ಮೇಲೆ ಅವನ ಎದೆ ಮುಖ ಅಷ್ಟೇ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ಹೊಡೆಯಲಿ ಎಂದು ಕಾದೆ.

“ಯಾರ್ಲಾ ಅದು ಓಬಳ?” ಎಂದು ಮುದುಕಿ ಕೇಳಿದಳು.

“ಗಾರೆ ಜುಂಜಣ್ಣ ಕಣವ್ವ.”

“ಗೋಡೆ ಕಟ್ಟಾಕೆ ಬಂದವ್ನಾ?”

ಓಬಳಯ್ಯ ಕೈಯಲ್ಲಿದ್ದ ಚೂರನ್ನು ಮಂಚದ ಅಂಚಿಗಿಟ್ಟ. ಆಮೇಲೆ, “ಇಲ್ಲ ಕಣವ್ವ, ಕೆಡವಾಕೆ,” ಅಂದ. ಹೊಗೆಯೊಳಗೆ ಬಗ್ಗಿ ತಡವಿ ತನ್ನ ಹಾರೆಯನ್ನೆತ್ತಿಕೊಂಡು ನನಗಿಂತ ಮುಂಚೆ ಹೊರಬಿದ್ದ. ಬೀದಿಯಲ್ಲಿ ಸಿಕ್ಕವರಿಗೆಲ್ಲ ನಾನೇ ನಿಂತು ಹೇಳಿದೆ. ಕೆಲವರು ಉಗಿದರು. ಒಬ್ಬ ಹೆಂಗಸು, ಕಂಕುಳಲ್ಲಿ ಕೆಮ್ಮುವ ಕೂಸಿದ್ದವಳು, ಮುಖ ತಿರುಗಿಸಿಕೊಂಡು ಹೋದಳು. ಅವಳ ಬೆನ್ನು ಇವತ್ತಿಗೂ ನನ್ನ ಕಣ್ಣಮುಂದಿದೆ.

ಹೇಮಿ ಮಗುವನ್ನೆತ್ತಿಕೊಂಡು ನಡುಮನೆಯಲ್ಲೇ ಕೂತಳು, ಹೊರಗೆ ಹೋಗು ಅಂದರೂ ಹೋಗಲಿಲ್ಲ. ಓಬಳಯ್ಯ ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಹಾರೆ ಹಾಕಿದೆವು. ಕೋಣೆಯಿಂದ ಕೋಣೆಗೆ ಹೋದೆವು. ಮುತ್ತಜ್ಜನ ಹೊಗೆ ಬಂತು, ನನಗೆ ಅರ್ಥವಾಗದ ಹಳೆಯ ಮಾತುಗಳನ್ನಾಡುತ್ತ. ಅಜ್ಜನದು, ಅಪ್ಪನದು. ಅಪ್ಪನ ಕೆಮ್ಮು, ಅಪ್ಪನ ಕರಣೆಯ ಸದ್ದು. ನಾನು ಕಟ್ಟಿದ ಮೊದಲ ಕೋಣೆಯ ಗೋಡೆ ಬಿದ್ದಾಗ ಒಳಗಿನಿಂದ ಒಬ್ಬ ಹರೆಯದ ಹೆಂಗಸು ಜೋಗುಳ ಹೇಳುವುದು ಕೇಳಿಸಿತು. ಸ್ವಲ್ಪ ಅಪಸ್ವರ, ನಡುನಡುವೆ ಆಕಳಿಕೆ. ಗಿರಿಯಮ್ಮ ಒಲೆಯ ಬಳಿಯಿಂದ ಎದ್ದು ಬಂದಳು. ಅದು ಅವಳದೇ ದನಿ, ಹೇಮಿ ಹುಟ್ಟಿದ ವರ್ಷದ್ದು. ಬಾಯಿಗೆ ಸೆರಗು ಹಿಡಿದು ನಿಂತು ಕೇಳಿದಳು. ಹೊಗೆ ತೆವಳಿ ಬಂದು ಹೇಮಿಯ ತೊಡೆಯವರೆಗೆ ಏರಿತು, ಮಗುವಿನ ಮುಖ ಮಸುಕಾಯಿತು. ಮಗು ಎರಡು ಸಲ ಸೀನಿತು, ಆಮೇಲೆ ತನ್ನ ತಾಯಿಗೆ ಹಾಡಿದ ಜೋಗುಳಕ್ಕೆ ತಾನೂ ನಿದ್ದೆಹೋಯಿತು. ನಾನು ಹಾರೆ ಬಿಟ್ಟು ಗೋಡೆಯ ರಾಶಿಯ ಮೇಲೆ ಕೂತು ಅತ್ತೆ. ಓಬಳಯ್ಯ ಇಟ್ಟಿಗೆ ಜೋಡಿಸುತ್ತಲೇ ಇದ್ದ. ಅದಾದ ಮೇಲೆ ಒಂದು ವರ್ಷ ಅವನು ನನ್ನೊಡನೆ ಮಾತಾಡಲಿಲ್ಲ, ಆದರೆ ದಿನವೂ ಕೆಲಸಕ್ಕೆ ಬಂದ.

ಕೆಲಸ ಸುಲಭವಿರಲಿಲ್ಲ. ಹೆಪ್ಪುಗಟ್ಟಿದ ಕಬ್ಬಿಣವನ್ನು ಉಳಿಯಿಂದ ಕೆತ್ತಿ ಕೆತ್ತಿ ತೆಗೆಯಬೇಕು. ಬಿರುಕು ಪಕ್ಕದ ಗೋಡೆಗೂ ಏರಿತ್ತು, ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಅಲ್ಲಿಯವರೆಗೆ ಊರು ತಿನ್ನುವುದು ಏನನ್ನು? ಹಳೆಯ ಕುಲುಮೆಗೇ ತೇಪೆ ಹಾಕಿ ಉರಿಸಿದರು. ತೇಪೆ ಹಾಕಿದ್ದೂ ನಾನೇ. ಅದು ಮೊದಲಿಗಿಂತ ದಟ್ಟವಾಗಿ ಹೊಗೆ ಕಾರಿತು, ಹದಿನಾಲ್ಕು ತಿಂಗಳು. ಸಂಜೆ ಸಂಜೆ ಆ ಹಸಿ ಹೊಗೆ ಗೋಡೆಯಿಲ್ಲದ ಮನೆಗಳಿಗೆ ಬಂತು, ನನ್ನ ಮನೆಗೂ. ಚುಕ್ಕಿ ಅದರಲ್ಲೇ ಮಗುಚಿಕೊಂಡಳು, ಅದರಲ್ಲೇ ತೆವಳಿದಳು, ಗೆಜ್ಜೆ ಕಟ್ಟಿಸಿಕೊಂಡು ಅದರಲ್ಲೇ ಎದ್ದು ನಿಂತಳು. ನಾನು ಮುತ್ತಜ್ಜನ ಇಟ್ಟಿಗೆ ಕೊಟ್ಟಿದ್ದರೆ ಅವಳು ಒಂಬತ್ತು ದಿನ ಮಾತ್ರ ಆ ಹೊಗೆಯಲ್ಲಿರುತ್ತಿದ್ದಳು. ಒಂಬತ್ತು ದಿನ ಉಳಿಸಲು ಹೋಗಿ ಹದಿನಾಲ್ಕು ತಿಂಗಳು ಕೊಟ್ಟೆ.

ಎರಡನೆಯ ಸಲ ಹೊತ್ತಿಸಿದಾಗ ತಳ ನಿಂತಿತು. ಕಬ್ಬಿಣ ಹೊಳೆಯುತ್ತ ಹರಿದು ಅಚ್ಚಿಗೆ ಬಿತ್ತು. ಹಳೆಯ ಕುಲುಮೆಯ ಬಾಯಿಗೆ ಮಣ್ಣು ತುಂಬಿದರು. “ಚೆನ್ನಾಗಿ ಕೂರ್ಸಿದ್ದೀಯ,” ಎಂದು ಓಬಳಯ್ಯ ನನ್ನ ಕಡೆ ನೋಡದೆ ಹೇಳಿದ. ವರ್ಷದ ಮೇಲೆ ಅದೇ ಮೊದಲ ಮಾತು. ಎಂಜಿನಿಯರಮ್ಮ ಮುಂದಿನ ಊರಿಗೆ ಹೊರಟುಹೋದರು. ಆಗ ಅವರ ಸೆರಗಿಗೂ ನಮ್ಮೂರಿನ ವಾಸನೆ ಹತ್ತಿತ್ತು.

ಈಗ ಆರು ವರ್ಷವಾಯಿತು. ಹಳೆಯ ಹೊಗೆ ಮನೆಗಳಲ್ಲಿ ಇನ್ನೂ ಇದೆ, ಕೂಡಿಡುವ ಗೋಡೆಯಿಲ್ಲದ್ದಕ್ಕೋ ಏನೋ ಮೊಣಕಾಲಿಗೆ ಇಳಿದಿದೆ. ಹೊಸದು ಬರುವುದಿಲ್ಲ. ಚುಕ್ಕಿಗೆ ಒಬ್ಬ ತಮ್ಮ ಹುಟ್ಟಿದ್ದಾನೆ, ಮೂರು ವರ್ಷ. ಬೆಳಗಿನಿಂದ ಸಂಜೆವರೆಗೆ ಗುಡ್ಡಕ್ಕೆ ಓಡುತ್ತಾನೆ, ಇಳಿಯುತ್ತಾನೆ, ಮತ್ತೆ ಓಡುತ್ತಾನೆ, ಅವನಿಗೆ ದಣಿವೆಂಬುದೇ ಇಲ್ಲ. ಚುಕ್ಕಿ ನಾಲ್ಕು ಹೆಜ್ಜೆ ಓಡಿದರೆ ನಿಂತುಬಿಡುತ್ತಾಳೆ. ಚಳಿ ಬಂತೆಂದರೆ ಎದೆ ಕುಯ್‌ಗುಡುತ್ತದೆ.

ಮೊನ್ನೆ ಬೆಳಿಗ್ಗೆ ಗುಡ್ಡದ ಬುಡದಲ್ಲಿ ನಾವಿಬ್ಬರೂ ಕಲ್ಲಿನ ಮೇಲೆ ಕೂತಿದ್ದೆವು. ಅವಳ ತಮ್ಮ ಮೇಲೆ ಹತ್ತಿ ಕೈ ಬೀಸುತ್ತಿದ್ದ. ಅವಳೂ ಬೀಸಿದಳು. ಕೆಮ್ಮು ನಿಂತ ಮೇಲೆ, “ತಾತ, ಅವನಿಗ್ಯಾಕೆ ಕೆಮ್ಮು ಬರಲ್ಲ?” ಎಂದು ಕೇಳಿದಳು.

ಏನಾದರೂ ಕಟ್ಟಿ ಹೇಳಬಹುದಿತ್ತು. ಆದರೆ ಇಷ್ಟು ವರ್ಷದಲ್ಲಿ ಮೊದಲ ಸಲ ಅವಳೇ ಕೇಳಿದ್ದಳು. ಗೋಡೆಯ ಕತೆಯನ್ನೆಲ್ಲ ಹೇಳಿದೆ, ಹೊರಪದರ ಕೊಟ್ಟದ್ದು, ತಳ ಬಿರಿದದ್ದು, ಅದರಿಂದ ಹೊಗೆ ಇನ್ನೂ ಹದಿನಾಲ್ಕು ತಿಂಗಳು ಬಂದದ್ದು. ಒಂದನ್ನೂ ಬಿಡಲಿಲ್ಲ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಎಲ್ಲ ಮುಗಿದ ಮೇಲೆ ಬಹಳ ಯೋಚನೆ ಮಾಡಿ, ನನಗೆ ಬೇಜಾರಾಗದಿರಲಿ ಎಂದೋ ಏನೋ, ಮೆತ್ತಗೆ ಅಂದಳು: “ಹಂಗಾದ್ರೆ ನಾನೇ ಒಸಿ ಬೇಗ ಬಂದ್ಬಿಟ್ಟೆ ಅಲ್ವಾ ತಾತ?”

“ಇಲ್ಲ ಕಂದ,” ಅಂದೆ. “ನೀನು ಸರಿಯಾದ ಹೊತ್ತಿಗೇ ಬಂದೆ. ತಡ ಮಾಡಿದ್ದು ನಾನು.”